ಕರುವಿನ ಹಗ್ಗ

೧೪-೧೧-೨೦೨೪, ಗುರುವಾರ

ಬೆಳಗಿನ ಹಾಲು ಡೈರಿಗೆ ಹೋಗಲಿಲ್ಲ. ನನ್ನಿಂದಲೇ. ಕರು ಬಿಚ್ಚಿಕೊಂಡು ಹಾಲೆಲ್ಲ ಕುಡಿದುಬಿಟ್ಟರೆ ಎಂಬ ಅನುಮಾನಕ್ಕೆ, ನಿನ್ನೆ ರಾತ್ರಿ ಎದ್ದೆದ್ದು ಹೋಗಿ ಅದರ ಹಗ್ಗಕ್ಕೆ ಒಂಬತ್ತು ಗಂಟು ಹಾಕಿದ್ದೆ. ಮೊದಲನೆಯದೇ ಬಿಗಿಯಾಗಿತ್ತು. ಗೊತ್ತಿದ್ದೂ ಸುಮ್ಮನಿರಲಾಗಲಿಲ್ಲ. ಬೆಳಿಗ್ಗೆ ಈ ನಡುಗುವ ಬೆರಳಿಂದ ಒಂದನ್ನೂ ಬಿಚ್ಚಲಾಗಲಿಲ್ಲ. ಕರು ಬಾಯಿ ಹಾಕದೆ ನಮ್ಮ ಹಸು ಹಾಲು ಇಳಿಸುವುದಿಲ್ಲ. ಸೊಸೆ ಸುಕನ್ಯ ಕುಡುಗೋಲು ತಂದು ಹಗ್ಗ ಕೊಯ್ದು, ಹಾಲು ಕರೆಯುವಷ್ಟರಲ್ಲಿ ಡೈರಿ ಬಾಗಿಲು ಹಾಕಿತ್ತು.

ಮಧ್ಯಾಹ್ನ ಬಂಗಾರಪೇಟೆಯ ಡಾಕ್ಟರಿಗೆ ಇದನ್ನೂ ಹೇಳಿದೆ. ಪಾರ್ಕಿನ್ಸನ್ ಬಂದ ಕೆಲವರಿಗೆ ನಡುಕದ ಜೊತೆ ಈ ಅನುಮಾನವೂ ಅಂಟಿಕೊಳ್ಳುತ್ತದಂತೆ. ಇಷ್ಟು ದಿನ ನಾನಿದನ್ನು ಜಾಗ್ರತೆ ಎಂದುಕೊಂಡಿದ್ದೆ.

ಸಂಜೆ ಆರಕ್ಕೆ ಸುಕನ್ಯಳೇ ಕರು ಕಟ್ಟಿದಳು.

"ಅತ್ತೆ, ಕಣ್ಣಾರೆ ನೋಡ್ಕಂಡ್ರಲ್ಲ? ಪುಸ್ತಕದಾಗೆ ಬರ್ಕಂಬುಡಿ. ಅನ್ಮಾನ ಬಂದ್ರೆ ಅದನ್ನೇ ಓದ್ಕಳಿ, ಕೊಟ್ಟಿಗೆಗೆ ಓಗ್ಬ್ಯಾಡಿ," ಅಂದಳು.

ಸರಿ, ಬರೆಯುತ್ತೇನೆ. ಸುಕನ್ಯ ಕರು ಕಟ್ಟಿದ್ದಾಳೆ. ಒಂದೇ ಗಂಟು. ಬಿಗಿಯಾಗಿದೆ.

ನಾಲ್ಕು ಸಲ ಓದಿಕೊಂಡೆ. ಬರೆದದ್ದೇನೋ ಸರಿಯಾಗಿದೆ. ಆದರೆ ಅವಳು ಕಟ್ಟಿದ್ದು ಆರು ಗಂಟೆಗೆ. ಈಗ ಒಂಬತ್ತೂವರೆ. ಈ ನಡುವೆ ಕರು—