ಅತ್ತೆಯ ಕಿವಿಯ ಎತ್ತರಕ್ಕೆ

ಮುಳ್ಳೂರು, ಕೊಳ್ಳೇಗಾಲ ತಾಲ್ಲೂಕು
೧೪ ನವೆಂಬರ್ ೨೦೨೪, ಗುರುವಾರ

ಕೋಮಲಳ ಪ್ರೀತಿಯ ಅಪ್ಪನಿಗೆ,

ನಾಗಶ್ರೀಯ ನಮಸ್ಕಾರ. ಹೇಗಿದ್ದೀರಿ? ರಾಜಸ್ಥಾನದಲ್ಲಿ ಚಳಿ ಶುರುವಾಗಿರಬೇಕು. ಸೋಲಾರ್ ಪ್ಲಾಂಟಿನ ಕೆಲಸ ಮುಗಿಸಿ ಬಂದು ತಣ್ಣೀರು ಸುರಿದುಕೊಳ್ಳಬೇಡಿ, ನಿಮ್ಮ ಎದೆಗೆ ಅದು ಒಗ್ಗುವುದಿಲ್ಲ. ಕಳಿಸಿದ್ದ ಹುರುಳಿ ಚಟ್ನಿಪುಡಿ ಇನ್ನೂ ಇದೆಯೋ, ರೂಮಿನವರೆಲ್ಲ ಸೇರಿ ಮುಗಿಸಿದರೋ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಗಳ ಮುಂದಿನ ಹಲ್ಲು ಬಿದ್ದಿದೆ, ಬಾಯಿ ಮಾತ್ರ ಇನ್ನೂ ಜೋರಾಗಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಹೇಳಹೊರಟಿರುವುದು ವೈರಿಂಗ್ ವಿಷಯ, ನೀವೋ ಎಲೆಕ್ಟ್ರಿಷಿಯನ್. ಎರಡು ಮಾತು ಮುಗಿಯುವ ಮೊದಲೇ ನಡುವೆ ಬಾಯಿ ಹಾಕುತ್ತೀರಿ. ಪತ್ರಕ್ಕೆ ಹಾಗೆ ಮಾಡಲಾಗುವುದಿಲ್ಲ, ಪೂರ್ತಿ ಓದಿ.

ಹೋದ ವರ್ಷ ದಸರಾಕ್ಕೆ ಬಂದಾಗ, ಅತ್ತೆಗೆ ಟಿವಿ ಸರಿಯಾಗಿ ಕೇಳುತ್ತಿಲ್ಲವೆಂದು ಹೋಮ್ ಥಿಯೇಟರ್ ತಂದಿರಲ್ಲ. “ನಾನೇ ಬಂದು ಗ್ವಾಡೆಗಾಕ್ತೀನಿ, ಅಲ್ಲೀಗಂಟ ಯಾರೂ ಮುಟ್ಬ್ಯಾಡಿ” ಎಂದು ಡಬ್ಬವನ್ನು ಮಂಚದ ಕೆಳಗೆ ತಳ್ಳಿ ಹೋದಿರಿ. ಬರುವ ಸಂಕ್ರಾಂತಿಗೆ ಕೆಲಸ ಬಿಟ್ಟು ಬಂದೇಬಿಡುತ್ತೀರಿ ಎಂದು ನಾನೂ ಕಾಯುತ್ತಿದ್ದೆ. ಹೋದ ಭಾನುವಾರ ಏನು ಮಾಡಿದಿರಿ? “ಇನ್ನೆರಡು ವರ್ಸ ಇಲ್ಲೇ ಇರ್ಲಾ ಅಂತ ಕೇಳ್ದೆ, ಅವ್ವ ಊಂ ಅಂದ್ರು, ತಿಂಗ್ಳು ಕೊನೆಗೆ ಸೈನ್ ಹಾಕ್ತೀನಿ” ಎಂದು ನನಗೆ ಸುದ್ದಿ ಮುಟ್ಟಿಸಿ ಫೋನ್ ಇಟ್ಟುಬಿಟ್ಟಿರಿ. ನನಗೆ ಬಂದ ಕೋಪಕ್ಕೆ ಏನನ್ನಾದರೂ ಬಿಚ್ಚಿ ಹಾಕಲೇಬೇಕಿತ್ತು. ನಿಮ್ಮ ಡಬ್ಬ ಬಿಚ್ಚಿದೆ.

ಮಾರನೆಯ ದಿನ ನಿಮ್ಮ ಚಿಕ್ಕಪ್ಪನ ಮಗ ಶಾಂತಮೂರ್ತಿ ಡ್ರಿಲ್ ಮೆಷಿನ್ ಹಿಡಿದು ಬಂದ. ಟಿವಿ ಇರುವ ಗೋಡೆಯ ಆಚೆಗೇ ನಮ್ಮ ರೇಷ್ಮೆಹುಳದ ಮನೆ ಎಂಬುದು ಅವನಿಗೂ ನೆನಪಿಲ್ಲ, ನನಗೂ ನೆನಪಿಲ್ಲ. ಅತ್ತೆ ಎಲ್ಲಿದ್ದರೋ, ಓಡಿಬಂದು ಅವನ ಕೈ ಹಿಡಿದರು. “ಉಳ ಜ್ವರಕ್ಕೆ ಕುಂತವೆ ಕಣ್ಲಾ, ಗ್ವಾಡೆ ಅದುರುಸ್ಬ್ಯಾಡ!” ಪೊರೆ ಕಳಚುವ ನಾಲ್ಕನೇ ಜ್ವರ, ಸೊಪ್ಪು ಬಿಟ್ಟು ತಲೆಯೆತ್ತಿ ಅಲುಗದೆ ಕೂತಿದ್ದವು. ಆ ಹೊತ್ತಿನಲ್ಲಿ ತಟ್ಟೆ ಸರಿಸುವುದಕ್ಕೂ ಬಿಡದವರು ಗೋಡೆ ಕೊರೆಯಲು ಬಿಟ್ಟಾರೆಯೇ? ಶಾಂತಮೂರ್ತಿ ತಲೆ ಓಡಿಸಿದ. “ಆಗಾದ್ರೆ ಡ್ರಿಲ್ಲೇ ಬ್ಯಾಡ ಬುಡಿ ಅತ್ಗೆ, ಮೊಳೆ ಅವಲ್ಲ” ಎಂದವನೇ ಮಾವನವರ ಫೋಟೋ ಇಳಿಸಿ, ಆ ಮೊಳೆಗೆ ಒಂದು ಸ್ಪೀಕರ್ ನೇತುಹಾಕಿದ. ದೇವರ ಪಟಗಳ ಸಾಲಿನಲ್ಲಿ, ಸೂರಿನ ಕೆಳಗೆ! ಅತ್ತೆ ಸ್ನಾನ ಮಾಡಿ ಬಂದು ಎಲ್ಲ ಪಟಗಳ ಜೊತೆ ಅದಕ್ಕೂ ವಿಭೂತಿ ಇಟ್ಟರು. ನಾನು ಕಾಫಿ ಸೋಸುತ್ತಿದ್ದಾಗ ಧೊಪ್ ಎಂದಿತು. ಮೇಲೆ ಸಿಮೆಂಟ್ ಬಳಿದಿದ್ದರೂ ಒಳಗಿರುವುದು ಹಸಿ ಇಟ್ಟಿಗೆಯೇ ಅಲ್ಲವೇ, ಮೊಳೆ ಒಂದು ಹೆಂಟೆ ಮಣ್ಣಿನ ಸಮೇತ ಕಿತ್ತುಬಂದಿತ್ತು. ಪುಣ್ಯಕ್ಕೆ ಸ್ಪೀಕರ್ ಅತ್ತೆಯ ಹಾಸಿಗೆಯ ಸುರುಳಿಯ ಮೇಲೆ ಬಿದ್ದಿತ್ತು, ಒಂದು ಗೀರೂ ಆಗಿರಲಿಲ್ಲ. ಯಾರ ತಲೆಯ ಮೇಲಾದರೂ ಬಿದ್ದಿದ್ದರೆ?

ಇನ್ನು ಆ ಗೋಡೆಯನ್ನು ನಂಬುವುದೇ ಬೇಡ ಎನಿಸಿತು. ಹಿತ್ತಲಲ್ಲಿದ್ದ ಬೇವಿನ ಹಲಗೆಯನ್ನು ಒರೆಸಿ, ಪಡಸಾಲೆಯ ಎರಡು ಮರದ ಕಂಬಗಳಿಗೆ ಅಡ್ಡಲಾಗಿಟ್ಟು ಉದ್ದನೆಯ ಸ್ಕ್ರೂ ಹಾಕಿ ಬಿಗಿದೆವು. ಅಷ್ಟೂ ಕೆಲಸ ಹುಳ ಜ್ವರದಿಂದೆದ್ದು ಸೊಪ್ಪಿಗೆ ಬಾಯಿ ಹಾಕಿದ ಮೇಲೆಯೇ, ಗಾಬರಿಯಾಗಬೇಡಿ. ಎತ್ತರ ಎಷ್ಟಿರಬೇಕು? ಡಬ್ಬದಲ್ಲಿದ್ದ ಚಿತ್ರದಲ್ಲಿ ಕೂತವರ ಕಿವಿಯ ಮಟ್ಟಕ್ಕೆ ಗೆರೆ ಎಳೆದಿತ್ತು. ಅತ್ತೆಯನ್ನು ಅವರ ಜಾಗದಲ್ಲೇ ಚಕ್ಕಂಬಕ್ಕಳ ಹಾಕಿ ಕೂರಿಸಿ, ಕಂಬಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. “ಕೂರ್ಸಿ ಅಳ್ತೆ ತಕತಾವ್ಳಲ್ಲಪ್ಪ, ನಂಗೆ ಗುಣಿ ತೋಡ್ಸಕ್ಕಾ?” ಎಂದರು. ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದಲ್ಲವೇ, ಅವರ ಲೆಕ್ಕ ಅದು! ನಗು ತಡೆಯಲಾರದೆ ಗೆರೆ ಸೊಟ್ಟಗಾಯಿತು, ಎರಡು ಸಲ ಅಳಿಸಿ ಬರೆದೆ.

ಈಗ ನಿಮ್ಮ ತಪಾಸಣೆ. ಮೇನ್ ಸ್ವಿಚ್ ಆರಿಸಿಯೇ ವೈರ್ ಮುಟ್ಟಿದ್ದು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ತುದಿಯ ಎಳೆಗಳನ್ನು ಹುರಿ ಮಾಡಿ ಸಿಕ್ಕಿಸಿದ್ದೇನೆ, ಒಂದು ಎಳೆಯೂ ಹೊರಗೆ ಚಾಚಿಲ್ಲ. ಕರೆಂಟಿನ ವೈರಿನ ಜೊತೆ ಸ್ಪೀಕರ್ ವೈರ್ ಹೊಸೆದಿಲ್ಲ. ಇಲಿ ಕಡಿಯದಂತೆ ಪ್ಲಾಸ್ಟಿಕ್ ಪಟ್ಟಿಯೊಳಗೆ ಹಾಯಿಸಿದ್ದೇನೆ. ಬಾಗಿಲಿನ ಸಂದಿಯಲ್ಲಿ ಎಳೆಯಲು ಹೊರಟ ಶಾಂತಮೂರ್ತಿಗೆ ನಿಮ್ಮ ಪರವಾಗಿ ನಾನೇ ಬೈದಿದ್ದೇನೆ. ಸಾಕೇ?

ನಿನ್ನೆ ಸಂಜೆ ಧಾರಾವಾಹಿಯ ಹೊತ್ತಿಗೆ ಸ್ವಿಚ್ ಹಾಕಿದೆ. ಅತ್ತೆ ಬೆಚ್ಚಿಬಿದ್ದರು. ಆಮೇಲೆ ಹಲಗೆಯ ಕಡೆಗೇ ಕಿವಿಕೊಟ್ಟು ಕೂತರು. “ಅಯ್ಯೋ, ಇವ್ಳ ಗಂಟ್ಲು ಇಂಗದಾ!” ಎಂದರು. ಇಷ್ಟು ದಿನ ಕೇರಿಯವರಿಗೆಲ್ಲ ಅವರು ಹೇಳುತ್ತಿದ್ದ ಧಾರಾವಾಹಿಯ ಕಥೆ ಬರೀ ಚಿತ್ರ ನೋಡಿ ಅವರೇ ಕಟ್ಟಿದ್ದಂತೆ. ನಿಜವಾದ ಕಥೆಗಿಂತ ಅದೇ ಚೆನ್ನಾಗಿತ್ತು. ನಾನು ನಗುತ್ತಿದ್ದೆ, ಅವರು ನಗಲಿಲ್ಲ. ನಮ್ಮ ಮಾತೆಲ್ಲ ಅವರಿಗೆ ಬಾಯಿ ನೋಡಿ ತಿಳಿಯುತ್ತದೆ, ಫೋನಿನಲ್ಲಿ ನೋಡಲು ಬಾಯಿ ಎಲ್ಲಿದೆ? “ಫೋನ್ನಾಗೆ ಅವ್ನು ಏನಂತಾನೋ ಒಂದೂ ಕೇಳಲ್ಲ ಕಣವ್ವ. ಅವ್ನು ಸುಮ್ಕಾದಂಗೆ ಕಂಡ್ರೆ ಊಂ ಅಂತೀನಿ. ದೂರದಲ್ಲವ್ನೆ, ಬೇಜಾರ್ ಮಾಡ್ಕಬಾರ್ದು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಜೊತೆಗೇ, ಸುಳ್ಳೇಕೆ, ಖುಷಿಯೂ ಆಯಿತು. ಭಾನುವಾರ ನೀವು ಏನು ಕೇಳಿದಿರಿ ಎಂದು ಅವರಿಗೆ ಇನ್ನೂ ಗೊತ್ತಿಲ್ಲ. ನಾನೂ ಹೇಳಿಲ್ಲ.

ಅತ್ತೆಯ ಆಶೀರ್ವಾದ, ಮಗಳ ಮುತ್ತು ಎರಡನ್ನೂ ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ,
ನಾಗಶ್ರೀ

ಮತ್ತೊಂದು ಮಾತು: ನನ್ನ ಫೋನನ್ನು ವೈರಿನಿಂದ ಹೋಮ್ ಥಿಯೇಟರಿಗೆ ಸೇರಿಸಿ ನೋಡಿದೆ. ಶಾಂತಮೂರ್ತಿ ಹೊಲದಿಂದ ಆಡಿದ ಒಂದೊಂದು ಮಾತೂ ಅತ್ತೆಗೆ ಕೇಳಿತು. ಈ ಪತ್ರ ಸಿಕ್ಕ ಮೇಲಿನ ಭಾನುವಾರ ಫೋನ್ ಮಾಡಿ, ಆ ಎರಡು ವರ್ಷದ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ. ಅವರು ಬಾಯಿಬಿಟ್ಟು ಉತ್ತರ ಹೇಳುವವರೆಗೂ ಸೈನ್ ಹಾಕಬೇಡಿ. ಆಮೇಲೆ ಅದೇ ಪ್ರಶ್ನೆಯನ್ನು ನನ್ನನ್ನೂ ಕೇಳಿ. ನನ್ನ ಕಿವಿ ಮೊದಲಿನಿಂದಲೂ ಚೆನ್ನಾಗಿಯೇ ಇದೆ.