ಬಲಗೈ ಬಾಯಿಗೆ ಮುಟ್ಟಿತು

ಆರ್.ಟಿ. ನಗರ, ಬೆಂಗಳೂರು
೨೪ ಫೆಬ್ರವರಿ ೨೦೨೫, ಸೋಮವಾರ

ನನ್ನ ಸಿಡುಕಿ ಮಗಳು ಮಹತಿಗೆ,

ಅಮ್ಮನ ಆಶೀರ್ವಾದ. ಅಕ್ಷರ ನೋಡಿ ಯಾರೋ ಒಂದನೇ ಕ್ಲಾಸಿನ ಮಗು ಬರೆದಿದೆ ಅಂದುಕೊಳ್ಳಬೇಡ, ನಾನೇ. ಮೂವತ್ತೊಂದು ವರ್ಷ ಮಕ್ಕಳ ಕಾಪಿ ಪುಸ್ತಕಕ್ಕೆ ಕೆಂಪು ಗೆರೆ ಎಳೆದವಳ ಬರಹ ಈಗ ಹೀಗಾಗಿದೆ. ಮೂರು ತಿಂಗಳಿಂದ ನಿನಗೊಂದು ಸುದ್ದಿ ಕೊಡಲಿಲ್ಲ, ತಪ್ಪು ನನ್ನದೇ. ಅಪ್ಪನ ಮೇಲೆ ರೇಗಬೇಡ. ಮಹತಿಗೆ ಹೇಳಿದರೆ ನನ್ನಾಣೆ ಎಂದು ಅವರ ಬಾಯಿ ಮುಚ್ಚಿಸಿದ್ದೆ. ದೀಪಾವಳಿ ಊಟದಲ್ಲಿ ನಿನ್ನ ಪುಟ್ಟಿ ಹರಿಪ್ರಿಯಾ ಎಡಗೈಯಲ್ಲಿ ಕಜ್ಜಾಯ ತೆಗೆದುಕೊಂಡಳೆಂದು ನಾನು ಅವಳ ಕೈಗೆ ಹೊಡೆದೆ. ನೀನು ಎಲೆ ಮುಂದಿನಿಂದ ಎದ್ದವಳು ಸಂಜೆಯ ರೈಲಿಗೆ ದಾವಣಗೆರೆಗೆ ಹೊರಟೇಬಿಟ್ಟೆ. ಅಲ್ಲಿಂದೀಚೆಗೆ ಫೋನಿನಲ್ಲಿ ಅಪ್ಪನ ಜೊತೆ ಮಾತ್ರ ಮಾತು. ಇದರ ಮೇಲೆ ಕೈ ಮುರಿದಿದೆ ಎಂದು ಹೇಳಿಕಳಿಸಿ ಕರುಣೆ ಗಿಟ್ಟಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಹೌದು, ಮುರಿದಿತ್ತು. ಗಾಬರಿಯಾಗಬೇಡ, ಈಗ ಗುಂಡುಕಲ್ಲಿನ ಹಾಗಿದ್ದೇನೆ. ಊರಿಗೆಲ್ಲ ಬಾತ್‌ರೂಮಿನಲ್ಲಿ ಜಾರಿದೆ ಎಂದಿದ್ದೇನೆ, ನಿಜ ನಿನಗೊಬ್ಬಳಿಗೆ. ಕಾರ್ತಿಕದ ಕೊನೆಯ ಸೋಮವಾರ ಬೆಳಿಗ್ಗೆ ಹಿಂದಿನ ರಸ್ತೆಯ ಕಾಶಿನಾಥರ ಕಾಂಪೌಂಡಿನಿಂದ ನಂದಬಟ್ಟಲು ಕೀಳಲು ಅವರದೇ ಬಕೆಟ್ ಬೋರಲು ಹಾಕಿ ಹತ್ತಿದ್ದೆ. ಬಕೆಟ್ ಒಡೆಯಿತು, ಬಲಗೈ ಊರಿಕೊಂಡು ಬಿದ್ದೆ. ದೇವರಿಗೆ ಹೂವು ಕದ್ದರೆ ಪಾಪವಿಲ್ಲ ಅನ್ನುತ್ತಿದ್ದೆನಲ್ಲ, ಶಿವನ ಅಭಿಪ್ರಾಯ ಬೇರೆ ಇತ್ತು.

ಮೊಣಕೈ ಹಿಂದಕ್ಕೆ ಚಾಚಿಕೊಂಡಿತ್ತು. ನಿಮ್ಮಪ್ಪ ಪುತ್ತೂರು ಕಟ್ಟು ಹಾಕಿಸೋಣ, ನಮ್ಮ ತಾತನ ಕಾಲು ಅದರಿಂದಲೇ ಕೂಡಿಕೊಂಡದ್ದು ಎಂದು ಶುರುಮಾಡಿದರು. ಮೂಲೆಮನೆಯ ಆಟೋ ನಜೀರ್ ನೋಡಿದವನೇ, "ಸಾರ್, ಇದು ಕಟ್ಟು ಹಾಕೋ ಕೈ ಅಲ್ಲ. ಬೇಗ ಹತ್ತಿ" ಎಂದು ಹೆಬ್ಬಾಳದ ಕಡೆಯ ಆಸ್ಪತ್ರೆಗೆ ತಂದುಬಿಟ್ಟ. ಪಾಪ, ಹಂಪ್ ಬಂದಾಗಲೆಲ್ಲ ಸಾರಿ ಅಮ್ಮ, ಸಾರಿ ಅಮ್ಮ ಅನ್ನುತ್ತಿದ್ದ.

ಡಾಕ್ಟರ್ ದಿವ್ಯ ಅಂತ, ರಾಜಾನುಕುಂಟೆಯ ರೈತರ ಮನೆ ಹುಡುಗಿ, ನಿನ್ನ ವಯಸ್ಸು. ಎಕ್ಸ್‌ರೇ ಹಿಡಿದು ಬಿಡಿಸಿ ಹೇಳಿದಳು. ಕೀಲು ಜಾರಿದೆ, ಅಲ್ಲಿ ಸೇರುವ ಮುಂಗೈಯ ಎರಡು ಮೂಳೆಗಳೂ ಒಡೆದಿವೆ, ಅವನ್ನು ಹಿಡಿದಿಡುವ ನಾರು ಹರಿದಿದೆ. ಮೂರನ್ನೂ ಸರಿಮಾಡದಿದ್ದರೆ ಕೀಲು ಮತ್ತೆ ಮತ್ತೆ ಜಾರುತ್ತದಂತೆ. ನಿಮ್ಮಪ್ಪ ಮೆಲ್ಲಗೆ ಕಟ್ಟಿನ ಮಾತೆತ್ತಿದರು. ಅವಳು ನಗಲಿಲ್ಲ. "ಕಟ್ಟಿಡೋದು ಸುಲಭ ಅಂಕಲ್. ಬಿಚ್ಚಿದ್ಮೇಲೆ ಆ ಕೈ ಅವರ ಮಾತು ಕೇಳಲ್ಲ" ಎಂದಳು. ಅಪ್ಪ ಆಪರೇಷನ್ ಕಾಗದಕ್ಕೆ ಸಹಿ ಹಾಕಿದರು.

ಮೂರೂವರೆ ಗಂಟೆ ಆಪರೇಷನ್. ಚೂರಾಗಿದ್ದ ಮೂಳೆಯ ತಲೆ ತೆಗೆದು ಲೋಹದ್ದು ಕೂರಿಸಿ, ಇನ್ನೊಂದಕ್ಕೆ ಸ್ಕ್ರೂ ಹಾಕಿ, ನಾರನ್ನು ಮೂಳೆಗೆ ಸೇರಿಸಿ ಹೊಲಿದಳಂತೆ. ಮಾರನೆಯ ದಿನ ಬೆರಳು ಆಡಿಸಿ ಎಂದಳು. ಐದೂ ಆಡಿದವು. ನಿಮ್ಮಪ್ಪ ಅತ್ತುಬಿಟ್ಟರು. ನಾನು ಅಳಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ.

ಅಸಲು ಪರೀಕ್ಷೆ ಇದ್ದದ್ದು ಆಮೇಲೆ. ಮೂರು ತಿಂಗಳೊಳಗೆ ಬಲಗೈ ಬಗ್ಗಿ ಬಾಯಿಗೆ ಮುಟ್ಟಬೇಕು, ಇಲ್ಲದಿದ್ದರೆ ಬಿಗಿತ ಬಿಡಿಸಲು ಇನ್ನೊಂದು ಆಪರೇಷನ್ ಎಂದಿದ್ದಳು. ವ್ಯಾಯಾಮ ಮಾಡಿಸಲು ಸಂಗಮೇಶ ಅನ್ನುವ ಬಾಗಲಕೋಟೆಯವನು ದಿನವೂ ಬರುತ್ತಾನೆ. ಕೈ ಬಗ್ಗುತ್ತಾ ಬಂದು ತುಟಿಗೆ ನಾಲ್ಕು ಬೆರಳು ದೂರದಲ್ಲಿ ಹಟ ಹಿಡಿದು ನಿಂತುಬಿಡುತ್ತಿತ್ತು. 'ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ', ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಎಷ್ಟು ಮಕ್ಕಳನ್ನು ಕಾಡಿದ್ದೆನೋ, ಅವರ ಶಾಪವೆಲ್ಲ ಒಟ್ಟಿಗೆ ತಟ್ಟಿತು.

ಊಟ ನಿಮ್ಮಪ್ಪನೇ ಮಾಡಿಸುತ್ತಿದ್ದರು. ಕಲಸಲು ಬರುವುದಿಲ್ಲ, ಒಂದೊಂದು ತುತ್ತೂ ಕ್ರಿಕೆಟ್ ಚೆಂಡು. ಎಡಗೈಯಲ್ಲಿ ಚಮಚ ಹಿಡಿಯಿರಿ ಎಂದು ಸಂಗಮೇಶ ಹೇಳಿದ್ದ. ಎಡಗೈಯಲ್ಲಿ ಉಣ್ಣುವುದಕ್ಕಿಂತ ಉಪವಾಸ ಮೇಲು ಎಂದಿದ್ದೆ. ಜನವರಿಯಲ್ಲಿ ಒಂದು ದಿನ ಅಪ್ಪ ಮಾಕಳಿಗೆ ಗೃಹಪ್ರವೇಶಕ್ಕೆ ಹೋದರು. ನಿಮ್ಮಣ್ಣ ಶ್ರೀಕಾಂತ ಆಫೀಸಿನಲ್ಲಿ. ಮಧ್ಯಾಹ್ನ ಮೂರಾದರೂ ಅಪ್ಪನ ಸುಳಿವಿಲ್ಲ, ನನಗೆ ಹೊಟ್ಟೆ ಚುರುಗುಟ್ಟುತ್ತಿದೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕಳ್ಳಿಯ ಹಾಗೆ, ಎಡಗೈಯಲ್ಲಿ ಮೊಸರನ್ನ ತಿಂದೆ ಕಣೇ. ಅರ್ಧ ಸೀರೆಯ ಮೇಲೆ ಚೆಲ್ಲಿತು. ಮನೆಯೇನೂ ಬೀಳಲಿಲ್ಲ. ಮೊಸರನ್ನ ಮೊಸರನ್ನದ ಹಾಗೆಯೇ ಇತ್ತು.

ಕಳೆದ ಗುರುವಾರ ಸಂಗಮೇಶ ನನ್ನ ಬಲಗೈಗೆ ಬೆಲ್ಲದ ಚೂರು ಕೊಟ್ಟು, ಇವತ್ತು ನೀವಾಗಿಯೇ ಬಾಯಿಗೆ ಹಾಕಿಕೊಳ್ಳಬೇಕು ಎಂದ. ನಾಲ್ಕು ಬೆರಳು ಮೂರಾಯಿತು, ಎರಡಾಯಿತು, ನಾನು ದೇವರನ್ನೆಲ್ಲ ಬೈದೆ, ಆಮೇಲೆ ನಾಲಗೆಗೆ ಸಿಹಿ ತಗುಲಿತು. "ಮುಟ್ತು ನೋಡ್ರೀ ಮೇಡಂ" ಎಂದು ಅವನು ಮೆಲ್ಲಗೆ ಹೇಳಿದ. ನನಗೆ ಎಷ್ಟು ಸಮಾಧಾನವಾಯಿತೆಂದು ಹೇಗೆ ಹೇಳಲಿ! ಅಪ್ಪ ಫೋಟೋ ತೆಗೆದಿದ್ದಾರೆ, ಅದರಲ್ಲಿ ಅವರ ಹೆಬ್ಬೆರಳೇ ಹೆಚ್ಚು ಕಾಣುತ್ತದೆ. ಶನಿವಾರ ದಿವ್ಯ ನೋಡಿ, ಕೀಲು ಗಟ್ಟಿಯಾಗಿದೆ, ಇನ್ನೊಂದು ಆಪರೇಷನ್ ಬೇಕಾಗಿಲ್ಲ ಎಂದಳು. ಕೈ ಪೂರ್ತಿ ನೆಟ್ಟಗಾಗುವುದಿಲ್ಲವಂತೆ, ಸ್ವಲ್ಪ ಸೊಟ್ಟ ಉಳಿಯುತ್ತದೆ. ಉಳಿಯಲಿ ಬಿಡು.

ಬೆರಳು ಪಳಗಲು ದಿನಕ್ಕೊಂದು ಪುಟ ಬರೆಯಬೇಕು ಎಂದು ಸಂಗಮೇಶನ ಅಪ್ಪಣೆ. ಎರಡು ದಿನ ದಿನಸಿ ಪಟ್ಟಿ ಬರೆದೆ. ಮೂರನೆಯ ದಿನ ನಿನಗೆ ಬರೆಯಲು ಕೂತೆ.

ಯುಗಾದಿಗೆ ಪುಟ್ಟಿಯನ್ನು ಕರೆದುಕೊಂಡು ಬಾ. ಒಬ್ಬಟ್ಟು ನಾನೇ ತಟ್ಟುತ್ತೇನೆ, ಅದೂ ವ್ಯಾಯಾಮವೇ. ಅವಳು ಯಾವ ಕೈಯಲ್ಲಾದರೂ ತಿನ್ನಲಿ, ನಾನು ಸೊಲ್ಲೆತ್ತುವುದಿಲ್ಲ. ನಿನ್ನ ಸಂಸಾರ ತಣ್ಣಗಿರಲಿ, ನಿಮ್ಮ ಕೈಕಾಲು ಗಟ್ಟಿಯಾಗಿರಲಿ.

ಹರಸುವ ಅಮ್ಮ,
ಸೀತಾ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಒಡೆದೆ. ಆ ದೀಪಾವಳಿಯ ದಿನ ಎಲ್ಲರ ಮುಂದೆ ನೀನು, "ನನ್ನ ಕೈ ಕಟ್ಟಿಹಾಕಿದ್ದು ಸಾಲದಾ ಅಮ್ಮ?" ಎಂದೆ. ಯಾವತ್ತು ಕಟ್ಟಿದ್ದೆ, ಎಂಥ ಸುಳ್ಳು ಹೇಳುತ್ತೀಯೆ ಎಂದು ನಾನು ಕೂಗಾಡಿದೆ. ಸುಳ್ಳು ಹೇಳಿದ್ದು ನಾನು. ನನಗೆ ಎಲ್ಲವೂ ನೆನಪಿದೆ. ನೀನು ಒಂದನೇ ಕ್ಲಾಸು ಮುಗಿಸಿದ ಬೇಸಿಗೆ ರಜ, ನಿನ್ನ ಯೂನಿಫಾರಮ್ಮಿನ ಕೆಂಪು ರಿಬ್ಬನ್, ಅಡುಗೆಮನೆಯ ಮರದ ಕುರ್ಚಿ. ಉಣ್ಣುವಾಗಲೂ ಬರೆಯುವಾಗಲೂ ನಿನ್ನ ಎಡಗೈಯನ್ನು ಆ ಕುರ್ಚಿಗೆ ಕಟ್ಟುತ್ತಿದ್ದೆ, ರಜ ಮುಗಿಯುವವರೆಗೆ. ಅನ್ನ ನಿನ್ನ ಫ್ರಾಕಿನ ಮೇಲೆ ಚೆಲ್ಲುತ್ತಿತ್ತು. ನಿನ್ನ ಬಲಗೈಗೆ ಕಟ್ಟಿರಲಿಲ್ಲ, ಗಂಟೂ ಸಡಿಲ, ಎಳೆದರೆ ಬಿಚ್ಚಿಕೊಳ್ಳುತ್ತಿತ್ತು. ಅಮ್ಮ ಕಟ್ಟಿದ್ದೆಂದು ನೀನು ಒಂದು ದಿನವೂ ಎಳೆಯಲಿಲ್ಲ.