ರೊಟ್ಟಿ ಬುಟ್ಟಿಯ ರಸೀದಿ

ತಾಂಡೂರು, ಫಸಲಿ ೧೩೫೨ (ಕ್ರಿ.ಶ. ೧೯೪೨-೪೩)

ಪೆದ್ದೆಮುಲ್‌ನಲ್ಲಿರುವ ತಮ್ಮ ಬಂಡೆಪ್ಪನಿಗೆ ಅಕ್ಕ ಗುರುಲಿಂಗಮ್ಮನ ಆಶೀರ್ವಾದ.

ಅಪ್ಪ ಎರಡು ವರ್ಷದ ಕಂದಾಯ ಕಟ್ಟಿಲ್ಲವೆಂದು ತಹಸೀಲಿನಿಂದ ನೋಟೀಸು ಬಂದಿದೆ, ಎತ್ತು ಮಾರಿ ಕಟ್ಟುತ್ತೇನೆ ಎಂದು ಬರೆದಿದ್ದೀಯ. ಮಾರಬೇಡ. ಅಪ್ಪ ಕಟ್ಟಿದ್ದಾರೆ. ತಪ್ಪು ನನ್ನದು.

ಅವರು ತೀರಿಕೊಂಡ ವರ್ಷ ಪೆಟ್ಟಿಗೆಯಲ್ಲಿದ್ದ ಉರ್ದು ಕಾಗದಗಳನ್ನು ರದ್ದಿ ಎಂದುಕೊಂಡು, ಮೆಂತ್ಯದ ಹಿಟ್ಟು ಕಲಸಿ ಎರಡು ರೊಟ್ಟಿ ಬುಟ್ಟಿಗಳ ಒಳಗೆ ಅಂಟಿಸಿದೆ. ಒಂದನ್ನು ಇಲ್ಲಿಗೆ ತಂದೆ. ಇನ್ನೊಂದರಿಂದ ನೀನು ದಿನಾ ರೊಟ್ಟಿ ತೆಗೆದುಕೊಳ್ಳುತ್ತೀಯ. ನಿನ್ನೆ ಊಟಕ್ಕೆ ಬಂದ ಶಾಲೆಯ ಮಾಸ್ತರರು ಖಾಲಿ ಬುಟ್ಟಿ ನೋಡಿ, "ಅಕ್ಕಾರ, ತಳದಾಗ ನಿಮ್ಮಪ್ಪನ ಹೆಸರಿನ ಕಂದಾಯದ ರಸೀದಿ ಅದಲ್ರಿ! ಮೊಹರು ಸೈತ ಹಂಗೇ ಅದ" ಎಂದರು. ಅದು ಒಂದು ವರ್ಷದ್ದು. ಇನ್ನೊಂದು ನಿನ್ನ ಬುಟ್ಟಿಯಲ್ಲೇ ಇರಬೇಕು.

ಬಿಡಿಸಲು ಹೋಗಬೇಡ, ಹರಿಯುತ್ತದೆ. ನೀರು ತಾಗಿಸಬೇಡ. ಯಾರ ಕೈಗೂ ಕೊಡಬೇಡ. ಸೋಮವಾರ ನಾನು ಬರುತ್ತೇನೆ. ಎರಡೂ ಬುಟ್ಟಿಗಳನ್ನು ತಹಸೀಲ್ದಾರರ ಮೇಜಿನ ಮೇಲೇ ಇಡೋಣ. ಬಾಕಿ ಇಲ್ಲವೆಂದು ಬರೆದುಕೊಡುವವರೆಗೆ ಅಲ್ಲಿಂದ ಏಳುವುದಿಲ್ಲ.

ಅಲ್ಲಿಯವರೆಗೆ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಡಲು ಮನೆಯಲ್ಲಿ ಹೇಳು.

ಕಚೇರಿಯವರು ನಗಬಹುದು. ನಗಲಿ, ಆದರೆ ಮೊದಲು ಓದಲಿ.

ನಿನ್ನ ಅಕ್ಕ,
ಗುರುಲಿಂಗಮ್ಮ